ಜೋಡಿಗೂಡು

ತಾಯಿತ ಬಿಚ್ಚಬೇಕು ಅಂದೆ, ಒಳಗೆ ತಗಡಿರುತ್ತೆ.
ದಿಲ್‌ಶಾದ್ ಗಂಟನ್ನು ಹಲ್ಲಿನಲ್ಲೇ ಕಡಿದಳು.
ಬೆರಳ ತುದಿಗಳು ಬೆಂದು ಬೆಳ್ಳಗೆ, ಸುಕ್ಕು ಸುಕ್ಕು:
ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವವರ ಕೈ.
ಮಗುವಿನ ಗೆಜ್ಜೆ, ಒಂದು ಪಿನ್ನು, ತಾಯಿತ
ಸ್ಟೀಲ್ ಬಟ್ಟಲಿಗೆ.

ಸೋಮವಾರ ಮೂಗು ಸೋರಿತ್ತಂತೆ, ಅಷ್ಟೇ.
ಮಂಗಳವಾರ ನೂರಾಮೂರು. ಸಿರಪ್ಪು ಕುಡಿದು
ಬನ್ನು ಬೇಕೆಂದು ಹಟ ಮಾಡಿದ್ದಳಂತೆ.
ಬುಧವಾರ ಬನ್ನು ಕೈಯಲ್ಲೇ ಇತ್ತು,
ಕಣ್ಣು ಮೇಲಕ್ಕೆ.
"ಫ್ಲೂ ಅಂದ್ರು. ಫ್ಲೂ ಅಂದ್ರೆ ನೆಗಡಿ ಅಲ್ವಾ ಸಾರ್?"
ನಾನು ದಿಂಬು ಸರಿಮಾಡುತ್ತಿದ್ದೆ.

ಮತ್ತಿನ ಇಂಜೆಕ್ಷನ್ ಬೇಕಾಗಲಿಲ್ಲ.
ನಾಲ್ಕು ವರ್ಷದ ಮಕ್ಕಳು ಆ ಸುರಂಗದಲ್ಲಿ
ಒದೆಯುತ್ತವೆ, ಕಿರುಚುತ್ತವೆ, ಚಿತ್ರ ಕೆಡಿಸುತ್ತವೆ.
ಮುನೀರಾ ಅಲುಗಲಿಲ್ಲ.
ಚಿಕ್ಕಬಳ್ಳಾಪುರಕ್ಕೆ ಬಂದು ಹನ್ನೊಂದು ವರ್ಷ,
ಇಷ್ಟು ಸ್ಪಷ್ಟವಾದ ಚಿತ್ರ ತೆಗೆದಿರಲಿಲ್ಲ ನಾನು.

ಮಿದುಳಿನ ನಟ್ಟನಡುವೆ, ಹದಿನಾಲ್ಕನೇ ಹೋಳಿನಲ್ಲಿ,
ಎಡಕ್ಕೊಂದು ಬಲಕ್ಕೊಂದು,
ಕನ್ನಡಿ ಹಿಡಿದು ಬರೆದಂತೆ, ಊದಿದ ಎರಡು ಮೊಟ್ಟೆ.
ನಡುವೆ ಕಪ್ಪು, ಸುತ್ತ ಬಿಳಿ, ಅದರಾಚೆ ಬೂದು.
ನಿದ್ದೆಯಿಂದ ಎಚ್ಚರಕ್ಕೆ ದಾಟಿಸುವ ಬಾಗಿಲು ಅಲ್ಲೇ ಅಂತ
ಓದುವಾಗ ಹೇಳಿಕೊಟ್ಟಿದ್ದರು.

ಒಳಗೆ ಬರಬಾರದು ಅಂದಿದ್ದೆ. ಬಂದು ನಿಂತಿದ್ದಳು.
"ಗೂಡಿನ ಥರಾ ಐತೆ."
ಸ್ವಲ್ಪ ಹೊತ್ತು ಬಿಟ್ಟು:
"ನಾವು ಕಿವಿ ಹತ್ರ ಅಲ್ಲಾಡಿಸ್ತೀವಿ ಸಾರ್,
ಲೊಡಲೊಡ ಅಂದ್ರೆ ಹುಳ ಚೆನ್ನಾಗೈತೆ.
ಕರಗಿದ್ರೆ ಒಳಗೇ ಅಂಟ್ಕೊಂಡು ಸುಮ್ಮನಾಗುತ್ತೆ.
ಇದನ್ನ ಹೆಂಗೆ ನೋಡ್ತಾರೆ?"

ರಿಪೋರ್ಟು ಡಾಕ್ಟರು ಬರೀತಾರಮ್ಮ.
ದಿನಕ್ಕೆ ಇಪ್ಪತ್ತು ಸಲ ಆಡುವ ಮಾತು.

ಆಂಬುಲೆನ್ಸು ಬೆಂಗಳೂರಿನ ಕಡೆ ತಿರುಗಿದ ಮೇಲೆ
ಬಟ್ಟಲು ಕಣ್ಣಿಗೆ ಬಿತ್ತು.
ಗೇಟಿನವರೆಗೆ ಓಡಿದೆ, ಗೆಜ್ಜೆ ಮುಷ್ಟಿಯೊಳಗೆ ಗಲಗಲ.
ಆಮೇಲೆ ಡ್ರಾಯರಿನಲ್ಲಿಟ್ಟೆ, ಬಿಲ್ ಪುಸ್ತಕದ ಅಡಿಗೆ.
ಡ್ರಾಯರು ಎಳೆದಾಗಲೆಲ್ಲ ಅದು ಸದ್ದು ಮಾಡುತ್ತಿತ್ತು.
ಎಳೆಯುವುದನ್ನೇ ಕಡಿಮೆ ಮಾಡಿದೆ.

ಹದಿನೇಳು ದಿನಕ್ಕೆ ಅಪ್ಪ ಬಂದ,
ಅಂಗಿಗೆ ಪ್ಯೂಪಾ ವಾಸನೆ. ತಾಯಿತ ಕೇಳಿದ.
ಕೊಟ್ಟೆ. ಕೇಳಲೋ ಬೇಡವೋ ಅನ್ನುವಷ್ಟರಲ್ಲಿ
ಅವನೇ ಅಂದ:
"ಗೆಜ್ಜೆನೂ ಕೊಡಿ ಸಾರ್.
ಸದ್ದಿನ ಕಡೆ ತಿರುಗ್ತಾಳಾ ನೋಡಿ ಅಂದವ್ರೆ."