ಒಲೆಯ ಪಾಳಿ

ತಲೆ ಅಲ್ಲಾಡಿಸಬೇಡ ಓತ್ಸೊ, ಮಿಷನ್ನು ಹಳೆಯದು,
ಕಿವಿಯ ಹಿಂದೆ ಕಚ್ಚುತ್ತೆ.
ಬೋಳಿಸಿಕೊಂಡೇ ಬಾ ಎಂದು ಯಾರೂ ಬರೆದಿಲ್ಲ ಆ ಕಾಗದದಲ್ಲಿ,
ನೀನೇ ಬಂದು ಕೂತಿದ್ದೀಯ ಅಡುಗೆಮನೆಯ ಈ ಸ್ಟೂಲಿನ ಮೇಲೆ,
ಹೆಗಲಿಗೆ ಸೌನಾದ ಟವೆಲು ಸುತ್ತಿಕೊಂಡು.
ಹೊರಗೆ ಕೆಮಿಯಾರ್ವಿ, ಮೈನಸ್ ಇಪ್ಪತ್ತೆಂಟು.
ಸೊದಾನ್‌ಕುಲಕ್ಕೆ ಬಸ್ಸು ಬೆಳಿಗ್ಗೆ ಏಳೂಕಾಲಿಗೆ.

ಕೇಳಿದೆಯಲ್ಲ, ಹೇಗಿರುತ್ತೆ ಅಂತ.
ಮೊದಲು ಹೆಸರು ಹೋಗುತ್ತೆ.
ಓತ್ಸೊ ಎನ್ನುವವರಿಲ್ಲ ಅಲ್ಲಿ. ತೋಯ್ವಾನೆನ್, ಅಷ್ಟೇ.
ಅಪ್ಪನನ್ನು ಕರೆದ ಹಾಗೆ ಕೇಳುತ್ತೆ;
ನಾನಂತೂ ಎರಡು ದಿನ ಹಿಂದೆ ತಿರುಗಿ ನೋಡಿದ್ದೆ, ಎಲ್ಲಿ ಬಂದಾ ಅಂತ.
ಆಮೇಲೆ ಬೂಟು. ಅದು ನಿನ್ನ ಕಾಲಿನ ಅಳತೆಯದಲ್ಲ,
ಕೊಡುವವನ ಅಂದಾಜಿನದು.
ನಾಚದೆ ಬದಲಾಯಿಸಿಕೊ. ನಾನು ನಾಚಿದೆ:
ಯಾರೂ ಕರೆಯದೆ ತಾನಾಗಿ ಹೋದ ಹುಡುಗಿ
ಮೊದಲ ದಿನವೇ ದೂರುವುದು ಹೇಗೆ?
ಹಿಮ್ಮಡಿಯ ಚರ್ಮ ಕಾಲುಚೀಲದ ಜೊತೆಗೇ ಕಿತ್ತುಬಂತು.

ಹೊದಿಕೆಯನ್ನು ಇಟ್ಟಿಗೆಯ ಹಾಗೆ ಮಡಚಬೇಕು, ಅಂಚಿಗೆ ಅಂಚು.
ಕಾರ್ಪೊರಲ್ ರೌತಿಯೊ,
ಇಪ್ಪತ್ತೂ ತುಂಬದವನು, ಮೀಸೆ ಯಾವಾಗ ಬರುತ್ತೋ ಎಂದು ಕಾಯುತ್ತಿದ್ದವನು,
ಒಂದೇ ಬೆರಳಲ್ಲಿ ಅದನ್ನು ನೆಲಕ್ಕೆ ಕೆಡವುತ್ತಿದ್ದ. ಮತ್ತೆ ಮಡಚು. ಮತ್ತೆ.
ಮೂರನೆಯ ಸಲಕ್ಕೆ ಸಿಟ್ಟು ಬರುತ್ತೆ, ಏಳನೆಯ ಸಲಕ್ಕೆ ನಗು,
ಆಮೇಲೆ ಏನೂ ಬರುವುದಿಲ್ಲ, ಕೈ ತನ್ನಷ್ಟಕ್ಕೆ ಮಡಚುತ್ತೆ.
ಅವರಿಗೆ ಬೇಕಾದದ್ದು ಆ ಕೈಯೇ ಇರಬೇಕು.
ನನಗೆ ಗೊತ್ತಿಲ್ಲ. ಹೋಗಿ ನೋಡು, ಈಗಲೂ ನನ್ನ ಹಾಸಿಗೆ.

ತಲೆ ತಗ್ಗಿಸು.
ಇಲ್ಲೊಂದು ಮಚ್ಚೆ ಇದೆ ನಿನಗೆ, ಗೊತ್ತಿತ್ತಾ?
ನೀನು ಹುಟ್ಟಿದ ವಾರ ಕಂಡದ್ದು, ಆಮೇಲೆ ಕೂದಲು ಮುಚ್ಚಿಬಿಟ್ಟಿತು.

ಗುರುವಾರ ಬಟಾಣಿ ಸಾರು. ಮೊದಲ ವಾರ ಮುಖ ತಿರುಗಿಸುತ್ತೀಯ,
ನಾಲ್ಕನೆಯ ವಾರ ಬುಧವಾರವೇ ಮೂಗು ಅದನ್ನು ಹುಡುಕುತ್ತೆ.
ಸಾರ್ಕೆಲಾ ಎಂಬವನು ಆ ಗುರುವಾರದವರೆಗೂ ಉಳಿಯಲಿಲ್ಲ.
ಮೂರನೆಯ ದಿನ ಊಟ ಮುಗಿಸಿ ಬಂದರೆ
ಅವನ ಮಂಚದಲ್ಲಿ ಹಾಸಿಗೆ ಸುರುಳಿ ಸುತ್ತಿತ್ತು.
ಏನೆಂದು ಯಾರೂ ಕೇಳಲಿಲ್ಲ. ನಾನೂ.
ಗುರಿಹಲಗೆಗೆ ಹೆಗಲುಗಳಿರುತ್ತವೆ, ಓತ್ಸೊ. ಮುಖ ಇರುವುದಿಲ್ಲ.
ಹತ್ತಕ್ಕೆ ಎಂಟು ಬಿದ್ದಾಗ ಖುಷಿಯಾಯಿತು ನನಗೆ,
ಅದನ್ನು ಅಮ್ಮನಿಗೆ ಹೇಳಬೇಡ.

ಆಮೇಲೆ ಕಾಡು. ಗುಡಾರದ ನಡುವೆ ಕಬ್ಬಿಣದ ಒಲೆ,
ರಾತ್ರಿಯಿಡೀ ಒಬ್ಬರು ಎಚ್ಚರವಿದ್ದು ಸೌದೆ ಒಟ್ಟಬೇಕು, ಗಂಟೆಗೊಂದು ಪಾಳಿ.
ನನ್ನದು ಮೂರರಿಂದ ನಾಲ್ಕು.
ಸುತ್ತ ಒಂಬತ್ತು ಜನ, ಕಾಲೆಲ್ಲ ಒಲೆಯ ಕಡೆ.
ಹಗಲೆಲ್ಲ ನನ್ನ ನಡಿಗೆಯನ್ನು ಅಣಕಿಸಿದ ಪೆಲ್ತೊಲಾ
ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದ. ಅವನ ಒದ್ದೆ ಕೈಗವಸು
ಒಲೆಯ ಕೊಳವೆಗೆ ತೀರಾ ಹತ್ತಿರ ನೇತಾಡುತ್ತಿತ್ತು.
ಸುಡಲಿ ಅಂದುಕೊಂಡೆ. ನೋಡುತ್ತಲೇ ಕೂತೆ.
ಹೊಗೆಯ ಎಳೆಯೊಂದು ಎದ್ದಿತು, ಉಣ್ಣೆಯ ಕಮಟು ವಾಸನೆ.
ಬೆಳಿಗ್ಗೆ ಅವನು ಬರಿಗೈಯಲ್ಲಿ ಸ್ಕೀ ಕಟ್ಟುವುದು ಕಣ್ಣಿಗೆ ಕಟ್ಟಿತು,
ಬೆರಳುಗಳ ಬಣ್ಣ ಕೂಡ.
ಎದ್ದು ಒಂದು ಗೇಣು ಆಚೆ ಸರಿಸಿದೆ.
ಅವನಿಗೆ ಇವತ್ತಿಗೂ ಗೊತ್ತಿಲ್ಲ.

ನಾಲ್ಕಕ್ಕೆ ಮುಂದಿನವರನ್ನು ಎಬ್ಬಿಸಬೇಕು.
ಕೂಗಬೇಡ, ಹೆಗಲು ಮುಟ್ಟು.
ಕಣ್ಣು ಬಿಟ್ಟ ಗಳಿಗೆಯಲ್ಲಿ ತಾವೆಲ್ಲಿದ್ದೇವೆಂದು ಅವರಿಗೆ ತಿಳಿಯುವುದಿಲ್ಲ,
ಎಂಥ ಗಟ್ಟಿಗನ ಮುಖವೂ ಆಗ ನಾಲ್ಕು ವರ್ಷದ್ದು.
ಅದನ್ನು ನೋಡಬೇಡ. ಸೌದೆಯ ಕಡೆ ನೋಡು.

ಆಯ್ತು, ಏಳು.
ಕನ್ನಡಿ ಆಮೇಲೆ ನೋಡುವೆಯಂತೆ.
ಪೊರಕೆ ಬಾಗಿಲ ಹಿಂದಿದೆ,
ನಿನ್ನ ಕೂದಲು ನೀನೇ ಗುಡಿಸು.