ಮೂರು ಚುಕ್ಕಿ

ಗಂಜಾಮಿನ ನನ್ನ ರಿಪೇರಿ ಅಂಗಡಿಯಲ್ಲಿ
ಸತ್ತ ಫೋನುಗಳ ನಡುವೆ ಒಂದು ಹಳೆ ಕಂಪ್ಯೂಟರು.
ಶಟರು ಅರ್ಧ ಇಳಿಸಿದ ಮೇಲೆ
ನಾನೂ ನಿಸರ್ಗಳೂ ಸರದಿಯಲ್ಲಿ ಆಡುತ್ತೇವೆ.
ಅವಳದೊಂದು ಆಟ, ನನ್ನದೊಂದು. ಕಥೆ ಒಂದೇ.

ಕಥೆ ಇಷ್ಟು: ಹಿಮದ ಊರು, ಟಪಾಲಿನ ಹೆಂಗಸು,
ಚೀಲದಲ್ಲಿ ಒಂದೇ ಕಾಗದ, ಜೇಬಿನಲ್ಲಿ ಒಂದೇ ಬಿಸ್ಕತ್ತು.
ಹೆಜ್ಜೆಗೊಮ್ಮೆ ಆಟ ನಿಂತು ಕೇಳುತ್ತದೆ,
ಈಗೇನು ಮಾಡುತ್ತೀ, ಏನು ಹೇಳುತ್ತೀ?
ಕೆಳಗೆ ಸುಣ್ಣದ ಗೆರೆಯಂಥ ಪಟ್ಟಿ
ಹತ್ತು ಎಣಿಸುವಷ್ಟರಲ್ಲಿ ಸವೆಯುತ್ತದೆ.
ನಿಜ ಹೇಳು. ಸುಳ್ಳು ಹೇಳು. ಸಿಡುಕು.
ನಾಲ್ಕನೆಯದು ಬರೀ ಮೂರು ಚುಕ್ಕಿ.

ನಾನು ಲೆಕ್ಕದವನು, ಸ್ಕ್ರೂಗಳನ್ನು
ಬಿಚ್ಚಿದ ವರಸೆಯಲ್ಲೇ ಬಟ್ಟಲಿಗೆ ಹಾಕುವವನು.
ಎರಡನೇ ಅಧ್ಯಾಯದಲ್ಲಿ ಕುಂಟು ನಾಯಿ ಎದುರಾದಾಗ
ಬಿಸ್ಕತ್ತು ಮುಂದಕ್ಕಾದೀತೆಂದು ಉಳಿಸಿಕೊಂಡೆ.
ಮುಂದಕ್ಕೆಲ್ಲೂ ಆಗಲಿಲ್ಲ.

ಅವಳು ಪಟ್ಟಿ ಸವೆಯುವ ಮೊದಲೇ ಕೊಟ್ಟುಬಿಟ್ಟಳು.
ಮನುಷ್ಯರು ಕೇಳಿದ್ದಕ್ಕೆ ಮಾತ್ರ ಮೂರು ಚುಕ್ಕಿ.
ಸೇತುವೆ ಕಾಯುವವನಿಗೆ ಮೂರು ಚುಕ್ಕಿ,
ಅಳುವ ತಂಗಿಗೂ ಮೂರು ಚುಕ್ಕಿ.
'ಬಾಯ್ಬಿಡಮ್ಮಿ' ಅಂದರೆ
'ನಿನ್ ಆಟ ನೀ ನೋಡ್ಕೋ ಮಾವ.'

ಆರು ರಾತ್ರಿ. ನಾನು ಗುಡ್ಡ ಬಳಸಿ ಹೋದೆ,
ಅವಳು ಹೆಪ್ಪುಗಟ್ಟಿದ ಕೆರೆಯ ಮೇಲೆ ನಡೆದಳು.
ಇಬ್ಬರಿಗೂ ಅದೇ ಮನೆ, ಅದೇ ನೀಲಿ ಬಾಗಿಲು;
ಕಾಗದ ಓದಬೇಕಾದವರು ಸತ್ತು ವರ್ಷವಾಗಿತ್ತು.
'ಮೋಸ!' ಮೌಸು ತಳ್ಳಿದಳು.
'ಎಂಗ್ ಹೋದ್ರೂ ಇಲ್ಗೇ ತಂದ್ ಬಿಡಂಗಿದ್ರೆ
ಅಷ್ಟೊಂದ್ ಸಲ ಯಾಕ್ ಕೇಳ್ಬೇಕಿತ್ತು?'

ನಾನು ಅವಳ ಪರದೆಯನ್ನೇ ನೋಡುತ್ತಿದ್ದೆ.
ಅವಳ ಜಗಲಿಯ ಮೇಲೆ, ಟಪಾಲಿನವಳ ಪಾದಕ್ಕೆ ಮೈ ಹಚ್ಚಿ
ಮಲಗಿತ್ತು ಆ ನಾಯಿ.
ನನ್ನ ಜಗಲಿಯಲ್ಲಿ ಹಿಮ.
ಜೇಬಿನಲ್ಲಿ ಬಿಸ್ಕತ್ತು.

ಅವಳು ಮನೆಗೆ ಹೋದ ಮೇಲೆ ಗುಟ್ಟಾಗಿ
ಉಳಿಸಿಟ್ಟ ಜಾಗಕ್ಕೆ ಹಿಂದಿರುಗಿ ಕೊಟ್ಟು ಬಂದೆ.
ಕೊನೆಗೆ ನಾಯಿ ಬಂತು, ಮಲಗಿತು.
ಆದರೆ ನನಗೆ ಗೊತ್ತಿತ್ತಲ್ಲ, ಅದು ಲಂಚ.

ಮೊನ್ನೆ ಮಂಗಳವಾರ ಪಟ್ಟಣದ ಕೋರ್ಟಿನ ಒಳಕೋಣೆಯಲ್ಲಿ
ಜಡ್ಜಮ್ಮ ಕನ್ನಡಕ ತೆಗೆದು, ಚಾಕೊಲೇಟು ಕೊಟ್ಟು
ಮೆತ್ತಗೆ ಕೇಳಿದರಂತೆ,
ಅಮ್ಮನ ಹತ್ತಿರ ಇರ್ತೀಯಾ, ಅಪ್ಪನ ಹತ್ತಿರಾನಾ?
ಅಕ್ಕ ಬೇವಿನ ಮರದಡಿ, ಭಾವ ಬೈಕಿನ ಮೇಲೆ,
ನಡುವೆ ನಾನು, ಎರಡು ಲೋಟ ಕಬ್ಬಿನ ಹಾಲು ಹಿಡಿದು
ಯಾರಿಗೆ ಮೊದಲು ಎಂದು ತಿಳಿಯದೆ.
ಹನ್ನೆರಡರ ಹುಡುಗಿ ಏನೂ ಹೇಳದೆ ಹೊರಬಂದಳು.
ಬರೆದುಕೊಂಡರು: ಮುಂದಿನ ತಿಂಗಳು ಹದಿನಾಲ್ಕು.
ಅಲ್ಲಿ ಪಟ್ಟಿ ಸವೆಯುವುದು ಕಾಣುವುದಿಲ್ಲ, ಅಷ್ಟೇ.

ಭಾನುವಾರ ಟಿವಿಎಸ್ಸಿನಲ್ಲಿ ಸಂಗಮಕ್ಕೆ.
ಮೆಟ್ಟಿಲ ಮೇಲೆ ಕೂತು ಚುರುಮುರಿ.
ಕವಲೊಡೆದು ಊರನ್ನು ಎರಡೂ ಕಡೆಯಿಂದ ಬಳಸಿದ ಹೊಳೆ
ಇಲ್ಲಿ ಮತ್ತೆ ಒಂದಾಗುತ್ತದೆ. ನೂರು ಸಲ ನೋಡಿದ್ದೇನೆ.
ಈ ಸಲ ಕಂಡಿದ್ದು: ಒಂದು ಕಡೆಯ ನೀರು
ಜೊಂಡು, ಬಾಡಿದ ಹಾರ, ಒಂಟಿ ಹವಾಯಿ ಚಪ್ಪಲಿ ತಂದಿತ್ತು.
ಇನ್ನೊಂದು ಬರೀ ನೊರೆ.

'ಮಾವ, ಯಾವ್ ಕಡೆ ನೀರು ಯಾವ್ದು ಅಂತ
ಆಮೇಕೂ ಗೊತ್ತಾಯ್ತದಾ?'
ಪೊಟ್ಟಣದ ತಳ ಕೆದಕಿ
ಮೆಟ್ಟಿಲಿನ ಬಡಕಲು ನಾಯಿಗೆ ಎಸೆಯುತ್ತ ಕೇಳಿದಳು.

ಒಳಗೇ ಎಣಿಸತೊಡಗಿದೆ.
ಏಳೋ ಎಂಟೋ ಆಗಿತ್ತು,
ನನ್ನ ಪೊಟ್ಟಣವನ್ನೂ ನಾಯಿಯ ಕಡೆ ಸರಿಸಿದೆ.
ಖಾರಕ್ಕೆ ಸೀನಿತು.
ಆದರೂ ತಿಂದಿತು.