ಅಸ್ತರು

ಗುತ್ತಲು ರಸ್ತೆಯ ಅಂಗಡಿಯಲ್ಲಿ ಸಾಕಮ್ಮತ್ತೆ
ಟೇಪನ್ನು ಕೊರಳಿಗೆ ಹಾಕಿಕೊಂಡೇ ಕೇಳಿದಳು:
"ಯಾವೂರು ಅಂತ ಹೇಳವ್ವ,
ಕೋಟಿಗೆ ಕತ್ತರಿ ಇಡಬೇಕು."

ಮೊಬೈಲಿನಲ್ಲಿ ಎರಡು ಊರು ತೋರಿಸಿದೆ.
ಲೀಡ್ಸ್, ಒಂದೇ ವರ್ಷ,
ಬ್ಯಾಂಕಿನ ಮ್ಯಾನೇಜರು ಕೇಳಿದೊಡನೆ ತಲೆಯಾಡಿಸಿದ ಊರು.
ತಾರ್ತು ಅಂದರೆ ನೆಂಟರು "ಎಲ್ಲಿ?" ಅನ್ನುತ್ತಾರೆ.
ಅಲ್ಲಿ ನನಗೆ ಅರ್ಧ ಫೀಸು ಮಾಫಿ,
ನಾಲೆ ಬದಿಯ ನಮ್ಮ ಜೌಗು ನೆಲದಂಥದನ್ನೇ
ಅಗೆದು ನೋಡುವ ಓದು.

ರ‍್ಯಾಂಕು, ಬಾಡಿಗೆ, ವೀಸಾ, ಠೇವಣಿ ಕಟ್ಟುವ ಕೊನೇ ದಿನ,
ಹದಿನೇಳು ಕಾಲಮ್ಮಿನ ಪಟ್ಟಿ ನನ್ನದು.
ಅತ್ತೆಗೆ ಬೇಕಿದ್ದದ್ದು ಒಂದೇ:
"ಮಳೆ ಊರೋ, ಐಸು ಬೀಳೋ ಊರೋ?"

ಮಳೆಯಾದರೆ ತೆಳು ಬಟ್ಟೆ, ಟೋಪಿ.
ಐಸಾದರೆ ಒಳಗೆ ಎರಡು ಪದರ ಅಸ್ತರು,
ಕಂಕುಳಲ್ಲಿ ಸಡಿಲ, ಮುಂಗೈಯಲ್ಲಿ ಬಿಗಿ.
"ಎರಡಕ್ಕೂ ಆಗೋ ಹಂಗೆ ಹೊಲಿ" ಅಂದೆ.
ನಕ್ಕಳು. "ಹಂಗೆ ಹೊಲ್ದದ್ದು
ಮಂಡ್ಯದಲ್ಲೇ ಹಾಕ್ಕಳಕ್ಕೆ ಸರಿ."

ಹೊರಗೆ ಕಬ್ಬಿನ ಲಾರಿ ಹಾರ್ನು ಹೊಡೆಯಿತು.
ಸೀಮೆಸುಣ್ಣ ಬಟ್ಟೆಯ ಮೇಲೆ ಹಾಗೇ ನಿಂತಿತ್ತು.
ಬ್ಲೌಸಿಗೆ ಬಂದವರ‍್ಯಾರೋ
ಬಾಗಿಲಲ್ಲಿ ಗೊಣಗುತ್ತಿದ್ದರು.

ತೋಳು ಚಾಚಿದೆ.
"ಅಸ್ತರು ಹಾಕು ಅತ್ತೆ,
ಕೈ ಒಂಚೂರು ಉದ್ದ ಇರಲಿ."